ಗಿರಿಜವ್ವನ ಕೈಯಲ್ಲಿ ಮುರಿದ ಎಲುಬು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಹೊರಳಿದರೆ ಸಿಗುವ ಕಲ್ಲಿಕೊಪ್ಪದ ಒಂದು ಬಚ್ಚಲಮನೆ. ಹಂಡೆಯ ನೀರು ಹದಕ್ಕೆ ಬಂದಿದೆ. ಗಿರಿಜವ್ವ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿಗೆ ಸರಿಸಿ, ಎರಡೂ ಕಾಲು ನೀಡಿಕೊಂಡಿದ್ದಾರೆ. ಕಾಲಿನ ಮೇಲೆ ಹನ್ನೆರಡು ದಿನದ ಹೆಣ್ಣು ಕೂಸು. ಎಣ್ಣೆ ಹಚ್ಚುವ ಮೊದಲು ಅವರು ಕೂಸಿನ ಭುಜದಿಂದ ಮುಂಗೈವರೆಗೆ, ತೊಡೆಯಿಂದ ಹಿಮ್ಮಡಿವರೆಗೆ ಎರಡೇ ಬೆರಳಿನಿಂದ ಸವರುತ್ತಾರೆ. ನೆತ್ತಿ, ಹಿಂದಲೆ ಮುಟ್ಟಿ ನೋಡುತ್ತಾರೆ. ಆಮೇಲೆ ಏನೂ ಮಾಡದೆ, ಕೂಸು ಕಣ್ಣು ಬಿಡುವುದನ್ನೇ ಕಾಯುತ್ತಾರೆ.

"ದಿನಾ ಅದೇನ್ ನೋಡ್ತಿ ಗಿರಿಜಕ್ಕ?" ಬಾಗಿಲಲ್ಲಿ ನಿಂತ ಕೂಸಿನ ಅಜ್ಜಿ ಕೇಳುತ್ತಾರೆ.

"ಏನಿಲ್ಲವ್ವ. ಕಣ್ಣ ಬಿಡಲಿ ಅಂತ."

ಕೂಸು ಕಣ್ಣು ಬಿಡುತ್ತದೆ. ಬೆಳಕು ಸಾಲದು. ಅವರು ಕೂಸನ್ನು ಬಾಗಿಲ ಕಡೆ ತುಸು ಹೊರಳಿಸಿ ಇನ್ನೊಮ್ಮೆ ನೋಡುತ್ತಾರೆ. ಹಿಡಿದಿಟ್ಟ ಉಸಿರನ್ನು ಅವರು ಬಿಟ್ಟದ್ದು ಹೊಸ್ತಿಲಾಚೆ ನಿಂತ ನನಗೂ ಕೇಳಿಸುತ್ತದೆ. ಅದಾದ ಮೇಲೆಯೇ ಎಣ್ಣೆ ಬಟ್ಟಲಿಗೆ ಕೈ ಹೋಗುವುದು.

ಗಿರಿಜವ್ವನಿಗೆ ಈಗ ಅರವತ್ತೊಂದು. ಹಾನಗಲ್ ಕಡೆಯಿಂದ ಹದಿನೇಳನೇ ವಯಸ್ಸಿಗೆ ಸೊಸೆಯಾಗಿ ಈ ಊರಿಗೆ ಬಂದವರು. ಅತ್ತೆ ಬಾಣಂತಿಯರಿಗೆ, ಕೂಸುಗಳಿಗೆ ಎರೆಯುವ ಕೆಲಸ ಮಾಡುತ್ತಿದ್ದರು. ಸೊಸೆ ಮೊದಲ ಎರಡು ವರ್ಷ ನೀರು ಹೊತ್ತುಕೊಟ್ಟಿದ್ದಷ್ಟೇ. ಮೂರನೇ ವರ್ಷ ಅತ್ತೆ ಒಂದು ಕೂಸನ್ನು ಅವರ ಕಾಲ ಮೇಲೆ ಇಟ್ಟರು. ಅಲ್ಲಿಂದ ಇಲ್ಲಿಯವರೆಗೆ ನಲವತ್ತು ವರ್ಷದ ಮೇಲಾಯಿತು. ಎಷ್ಟು ಕೂಸುಗಳೆಂದು ಕೇಳಿದರೆ ನಗುತ್ತಾರೆ. ಊರಿನ ನರ್ಸಮ್ಮನ ಅಂದಾಜಿನಲ್ಲಿ ಏಳುನೂರಕ್ಕೆ ಕಡಿಮೆಯಿಲ್ಲ. ಇವತ್ತು ಬೆಳಿಗ್ಗೆಯೇ ನಾಲ್ಕು ಮನೆ ಇವೆ. ಕೊನೆಯದು ಮೂರು ಕಿಲೋಮೀಟರು ದೂರ; ಬಸ್ಸು ಸಿಕ್ಕರೆ ಸರಿ, ಇಲ್ಲದಿದ್ದರೆ ನಡಿಗೆ. ಒಬ್ಬ ಬಾಣಂತಿಗೆ, ಒಂದು ಕೂಸಿಗೆ ಸೇರಿ ಹದಿನೆಂಟು ಕೊಡ ನೀರು ಎತ್ತಬೇಕು. ಹತ್ತೂವರೆಗೆ ಮನೆಗೆ ಬಂದು ಸೊಂಟಕ್ಕೆ ಬಿಸಿ ಇಟ್ಟಿಗೆ ಇಟ್ಟುಕೊಂಡು ಮಲಗುತ್ತಾರೆ.

ಈ ಕೆಲಸ ಮಾಡುವವರು ಬೇಕಾದಷ್ಟು ಊರುಗಳಲ್ಲಿದ್ದಾರೆ. ಗಿರಿಜವ್ವನನ್ನು ಹುಡುಕಿಕೊಂಡು ನಾನು ಬಂದದ್ದು ಶಿರಸಿಯ ಎಲುಬಿನ ಡಾಕ್ಟರು ವೆಂಕಟ್ರಮಣ ಹೇಳಿದ ಒಂದು ಮಾತಿನಿಂದ. "ನನ್ನ ಸರ್ವೀಸಿನಲ್ಲಿ ಒಂದು ರೋಗವನ್ನು ನಾನು ಕಂಡುಹಿಡಿದೆ ಅಂತ ಎಲ್ಲರೂ ಹೇಳ್ತಾರೆ. ಕಂಡುಹಿಡಿದದ್ದು ನಾನಲ್ಲ. ಯಾರ ಮೇಲೆ ನಾನು ತಪ್ಪು ಹೊರಿಸಿದ್ದೆನೋ ಅವರು."

ಅದು 1999ರ ಮಾತು. ಕಲ್ಲಿಕೊಪ್ಪದ ಭತ್ತದ ವ್ಯಾಪಾರಿ ಪರಮೇಶ್ವರಪ್ಪನವರ ಹಿರಿಯ ಮಗಳು ಸುಮಂಗಲಾ ಚೊಚ್ಚಲ ಹೆರಿಗೆಗೆ ಸಿದ್ದಾಪುರದ ಗಂಡನ ಮನೆಯಿಂದ ತವರಿಗೆ ಬಂದಿದ್ದರು. ಗಂಡು ಕೂಸು ಹುಟ್ಟಿತು. ಪವನ್ ಎಂದು ಹೆಸರಿಡುವುದೆಂದೂ ಗೊತ್ತುಮಾಡಿದ್ದರು. ಎರೆಯಲು ಗಿರಿಜವ್ವನೇ ಬರಬೇಕೆಂದು ಸುಮಂಗಲಾಳ ತಾಯಿ ಮುರಿಗೆವ್ವ ತಿಂಗಳು ಮೊದಲೇ ಹೇಳಿಟ್ಟಿದ್ದರು. ಇಪ್ಪತ್ತಮೂರು ವರ್ಷದ ಹಿಂದೆ ಸುಮಂಗಲಾಳಿಗೆ ಎರೆದದ್ದೂ ಇದೇ ಗಿರಿಜವ್ವ.

ಮೂರನೇ ದಿನವೇ ಅವರಿಗೆ ಏನೋ ಸರಿಯಿಲ್ಲವೆನಿಸಿತು. ತಲೆ ತೀರಾ ಮೆತ್ತಗಿತ್ತು. ನೆತ್ತಿ ಮಾತ್ರವಲ್ಲ, ಹಿಂದಲೆಯೂ ಬೆರಳಿಗೆ ಅದುಮುತ್ತಿತ್ತು. ಎತ್ತಿದಾಗಲೆಲ್ಲ ಕೂಸು ಚೀರುತ್ತಿತ್ತು, ಇಟ್ಟರೆ ಸುಮ್ಮನಾಗುತ್ತಿತ್ತು. "ಉಳಿದ ಕೂಸುಗಳು ಎತ್ತಿಕೊಂಡರ ಸುಮ್ಮನಾಗ್ತಾವ್ರಿ, ಇದು ಉಲ್ಟಾ" ಎನ್ನುತ್ತಾರೆ. ಅವರು ಮುರಿಗೆವ್ವನಿಗೆ ಹೇಳಿದರು: "ಮುರಿಗೆಕ್ಕ, ಕೂಸಿನ ಕಣ್ಣಾಗಿನ ಬಿಳಿ ಬಿಳಿ ಇಲ್ಲ. ನೀಲಿ ಹಾಕಿ ಹಿಂಡಿದ ಧೋತರದಂಗ ಐತಿ. ಡಾಕ್ಟರಿಗೆ ಒಮ್ಮೆ ತೋರಿಸ್ರಿ."

ಮುರಿಗೆವ್ವ ನಕ್ಕರು. "ಸುಮಂಗಲಾನ ಕಣ್ಣೂ ಹಂಗ ಅದಾವಲ್ಲ. ತಾಯಿ ಕಣ್ಣು ಮಗನಿಗೆ ಬಂದಾವ. ಚಂದ ಅಲ್ಲೇನು?"

ಇಪ್ಪತ್ತನಾಲ್ಕನೇ ದಿನ ಬೆಳಿಗ್ಗೆ, ಬೆನ್ನಿಗೆ ನೀರು ಹಾಕಲೆಂದು ಗಿರಿಜವ್ವ ಕೂಸನ್ನು ಬೋರಲು ಮಾಡಿದರು. ಒಣಗಿದ ಪುಳ್ಳೆ ಮುರಿದಂತೆ ಒಂದು ಸಣ್ಣ ಸದ್ದಾಯಿತು. ಕೂಸು ಒಂದು ಕ್ಷಣ ಉಸಿರೇ ಎತ್ತಲಿಲ್ಲ. ಆಮೇಲೆ ಅತ್ತ ಅಳುವನ್ನು ನೆನೆಸಿಕೊಂಡರೆ ಅವರ ಕೈ ಇವತ್ತಿಗೂ ಸೆರಗು ಹುಡುಕುತ್ತದೆ. "ಅದರ ಬಲಗಾಲು ನನ್ನ ಅಂಗೈಯಾಗ ಇತ್ರಿ. ಸಪ್ಪಳ ಕೇಳಿದ್ದಲ್ಲ, ಕೈಗೆ ಬಡೀತು."

ಬಾಡಿಗೆ ಜೀಪಿನಲ್ಲಿ ಎಲ್ಲರೂ ಶಿರಸಿಗೆ ಹೋದರು. ಗಿರಿಜವ್ವ ಎಣ್ಣೆಗೈಯಲ್ಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ಎಕ್ಸ್‌ರೇ ತೆಗೆದಾಗ ತೊಡೆಯ ಎಲುಬು ಅಡ್ಡಕ್ಕೆ ಮುರಿದಿತ್ತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಕೇಳಿದರು, "ಮಗುವಿಗೆ ಸ್ನಾನ ಮಾಡಿಸುವವರು ಯಾರು?"

ಎಲ್ಲರೂ ಹೊರಳಿ ನೋಡಿದರು.

"ನಾನ್ರಿ."

"ಎಳೇ ಎಲುಬು ಅಮ್ಮ. ಹೀಗೆ ಒತ್ತಿ ತಿಕ್ಕಬಾರದು."

ಆ ಮಾತು ಜೀಪಿಗಿಂತ ಮೊದಲು ಊರು ಮುಟ್ಟಿತು. ಮರುದಿನ ಬೆಳಿಗ್ಗೆ ಗಿರಿಜವ್ವ ಎದ್ದು ಸೀರೆ ಉಟ್ಟುಕೊಂಡು ಕೂತರು. ಯಾರೂ ಕರೆಯಲು ಬರಲಿಲ್ಲ. ಆ ಹೊತ್ತಿಗೆ ಊರಿನಲ್ಲಿ ಇನ್ನೆರಡು ಹಸಿ ಬಾಣಂತಿಯರಿದ್ದರು. ಒಬ್ಬರು ಬೇರೆಯವರನ್ನು ಕರೆಸಿಕೊಂಡರು. ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಿಸಿ, ಈಗ ಬೇಡವೆಂದರು. "ಅವರು ಅಂದದ್ದು ತಪ್ಪೇನಲ್ಲ" ಎನ್ನುತ್ತಾರೆ ಗಿರಿಜವ್ವ. "ನನಗ ನನ್ನ ಕೈ ಮ್ಯಾಲೆ ನಂಬಿಕಿ ಇರಲಿಲ್ಲ. ರೊಟ್ಟಿ ಬಡಿಯುವಾಗ ನೋಡಾಕಿ, ನಾ ಇಷ್ಟ ಜೋರ ಒತ್ತತೀನೇನು ಅಂತ. ನನ್ನ ಮುಂಗೈನ ನಾನ ಹಿಚುಕಿ ನೋಡಾಕಿ. ವಯಸ್ಸಾತು, ಅಳತಿ ತಪ್ಪೇತಿ ಅನಸ್ತಿತ್ತು." ಸೊಸೆ ತನ್ನ ಎರಡು ವರ್ಷದ ಮಗಳನ್ನು ಅಜ್ಜಿಯ ತೊಡೆಯಿಂದ ಸದ್ದಿಲ್ಲದೆ ಎತ್ತಿಕೊಂಡು ಹೋದದ್ದನ್ನೂ ಅವರು ಮರೆತಿಲ್ಲ. ಅದನ್ನು ಹೇಳುವಾಗ ಮಾತ್ರ ದನಿ ತಗ್ಗುತ್ತದೆ, ಸೊಸೆ ಅಡುಗೆಮನೆಯಲ್ಲಿದ್ದಾಳೆ.

ಹೀಗೆ ಐದು ವಾರ ಕಳೆಯಿತು. ಕೂಸಿನ ಕಾಲಿನ ಪಟ್ಟಿ ಬಿಚ್ಚಿದ್ದಾರೆಂದು ಯಾರಿಂದಲೋ ತಿಳಿಯಿತು. ಒಂದು ಮುಂಜಾನೆ ಬಾಗಿಲು ತೆರೆದರೆ ಹೊರಗೆ ಮುರಿಗೆವ್ವ ನಿಂತಿದ್ದರು. ಕಾಲಿಗೆ ಚಪ್ಪಲಿ ಇರಲಿಲ್ಲ. ಜಗಲಿಯ ಮೇಲೆ ಕೂತರು. ತಮ್ಮ ಎರಡೂ ಕೈ ಮುಂದಕ್ಕೆ ಚಾಚಿದರು.

"ಗಿರಿಜಾ, ನನ್ನ ಕೈಯಾಗೂ ಆತು."

ಹಿಂದಿನ ದಿನ ಕೂಸಿಗೆ ಅಂಗಿ ತೊಡಿಸುವಾಗ ಕೈಯನ್ನು ತೋಳಿನೊಳಗೆ ತೂರಿಸಿದ್ದರಂತೆ, ಅಷ್ಟೇ. ಅದೇ ಸದ್ದು. ಶಿರಸಿಗೆ ಕೊಂಡೊಯ್ದಾಗ ಡಾಕ್ಟರು ಈ ಸಲ ಎದೆಯ ಎಕ್ಸ್‌ರೇಯನ್ನೂ ತೆಗೆಸಿದ್ದರು. ಅದರಲ್ಲಿ ಎರಡು ಪಕ್ಕೆಲುಬು ಹಿಂದೆಯೇ ಮುರಿದು ತಾವಾಗಿ ಕೂಡಿಕೊಂಡ ಗುರುತಿತ್ತು. ಡಾಕ್ಟರ ಮುಖ ಬದಲಾಯಿತು. ಮನೆಯಲ್ಲಿ ಮಗುವನ್ನು ಯಾರಾದರೂ ಹೊಡೆಯುತ್ತಾರಾ, ಬೀಳಿಸಿದ್ದಾರಾ, ತಾಯಿಯ ಮನಸ್ಸು ಸರಿಯಿದೆಯಾ ಎಂದು ಒಂದೇ ಸಮನೆ ಕೇಳಿದರು. ಗಾಬರಿಯಾದ ಪರಮೇಶ್ವರಪ್ಪ, "ಎಲ್ಲಾ ಆ ಎರಿಯೋ ಹೆಣ್ಮಗಳದ್ರಿ" ಎಂದುಬಿಟ್ಟರು. ಮೂರು ದಿನದಲ್ಲಿ ಮತ್ತೆ ಬರಬೇಕು, ಸರಿಯಾದ ಉತ್ತರ ತರಬೇಕು ಎಂದು ಡಾಕ್ಟರು ಕಳಿಸಿದ್ದರು. ಅದರ ಮೇಲೆ ಸಿದ್ದಾಪುರದ ಬೀಗರು ಸುದ್ದಿ ಕೇಳಿ, ಕೂಸನ್ನು ನೋಡಿಕೊಳ್ಳಲಾಗದ ಮನೆಯಲ್ಲಿ ಇನ್ನು ಬಿಡುವುದಿಲ್ಲ, ಈ ವಾರವೇ ಬಂದು ಎತ್ತಿಕೊಂಡು ಹೋಗುತ್ತೇವೆ ಎಂದು ಫೋನು ಮಾಡಿದ್ದರು.

"ಅಳಿಯ ಬೈಕ್ ಮ್ಯಾಲ ಕೂಸಿನ ಎತಗೊಂಡು ಹೊಂಟರ ಅದು ಸಿದ್ದಾಪುರ ಮುಟ್ಟೂದಿಲ್ಲ ಗಿರಿಜಾ" ಎಂದು ಮುರಿಗೆವ್ವ ಅತ್ತರು.

ಗಿರಿಜವ್ವನಿಗೆ ಆ ಗಳಿಗೆಯಲ್ಲಿ ನೆನಪಾದದ್ದು ಬಸವಣ್ಣೆಪ್ಪ, ಪರಮೇಶ್ವರಪ್ಪನವರ ತಮ್ಮ. ಗಿರಿಜವ್ವ ಸೊಸೆಯಾಗಿ ಬಂದಾಗ ಆತ ಹತ್ತು ವರ್ಷದ ಹುಡುಗ. ಯಾವಾಗ ನೋಡಿದರೂ ಕೈಗೋ ಕಾಲಿಗೋ ಬಿದಿರಿನ ದಬ್ಬೆ ಕಟ್ಟಿರುತ್ತಿತ್ತು. ಕಟ್ಟೆಯ ಮೇಲೆ ಕೂರಿಸಿದರೆ ಸಂಜೆವರೆಗೂ ಅಲ್ಲೇ ಇರುತ್ತಿದ್ದ. ಅವನ ಕಣ್ಣಿನ ಬಿಳಿಯೂ ನೀಲಿ ಬೆರೆತದ್ದೇ. ಸುಮಂಗಲಾ ಹುಟ್ಟಿದಾಗ ಗಿರಿಜವ್ವನ ಅತ್ತೆ ಕೂಸಿನ ಕಣ್ಣು ನೋಡಿ, "ಮೆತ್ತಗ ಹಿಡಿ, ಇದು ಆ ಮನಿ ಕಣ್ಣು" ಎಂದಿದ್ದರು. ಸುಮಂಗಲಾಳ ಕೈ ಸಣ್ಣವಳಿದ್ದಾಗ ಎರಡು ಸಲ ಮುರಿದಿತ್ತು. ಆಡುವ ಮಕ್ಕಳು ಬೀಳುತ್ತಾರೆಂದು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ.

"ಬಸವಣ್ಣೆಪ್ಪನ ಸುದ್ದಿ ಡಾಕ್ಟರಿಗೆ ಹೇಳ್ರಿ" ಎಂದರು ಗಿರಿಜವ್ವ. "ಇದು ಕೈಯಾಗಿಂದಲ್ಲ, ರಕ್ತದಾಗಿಂದು."

ಮುರಿಗೆವ್ವ ತಟ್ಟನೆ ಎದ್ದು ನಿಂತರು. ಕಿರಿಯ ಮಗಳ ಮದುವೆ ಹಾವೇರಿ ಕಡೆ ಗೊತ್ತಾಗಿತ್ತು. ಮನೆತನದಲ್ಲಿ ಎಲುಬಿನ ರೋಗವಿದೆ ಎಂದು ತಿಳಿದರೆ ಆ ಸಂಬಂಧ ಉಳಿಯುವುದಿಲ್ಲ. ಈ ಹೆದರಿಕೆಗೇ ಬಸವಣ್ಣೆಪ್ಪನನ್ನು ಯಾವ ಮದುವೆಗೂ ಕರೆಯುತ್ತಿರಲಿಲ್ಲ. ಅಣ್ಣ ತಮ್ಮನ ಮುಖ ನೋಡಿ ಆರು ವರ್ಷವಾಗಿತ್ತು. "ನೀ ಯಾರ ಮುಂದೂ ಹೇಳಬ್ಯಾಡ, ನನ್ನಾಣಿ ಐತಿ" ಎಂದು ಮುರಿಗೆವ್ವ ಹೊರಟುಹೋದರು.

ಆ ದಿನ ಗಿರಿಜವ್ವ ಉಣ್ಣಲಿಲ್ಲ. ಒಂದು ಮನೆಯ ಹೆಣ್ಣುಮಗಳ ಮದುವೆ ಒಂದು ಕಡೆ, ಮಾತು ಬಾರದ ಕೂಸು ಇನ್ನೊಂದು ಕಡೆ. ನನ್ನ ಹೆಸರು ಉಳಿಸಿಕೊಳ್ಳಲೆಂದೇ ಹೀಗೆ ಯೋಚಿಸುತ್ತಿದ್ದೇನೆಯೋ ಎಂಬ ಅನುಮಾನವೂ ಅವರನ್ನು ಬಿಡಲಿಲ್ಲ. "ಅದನ್ನ ಈಗೂ ಕೇಳ್ಕೊಂತೀನ್ರಿ. ನನ್ನ ಮ್ಯಾಲೆ ಮಾತು ಬರದಿದ್ದರ ನಾ ಹೋಗ್ತಿದ್ನೇನು? ಗೊತ್ತಿಲ್ಲ."

ಮರುದಿನ ಅವರು ಯಲ್ಲಾಪುರದ ಬಸ್ಸು ಹತ್ತಿದರು. ಶಿರಸಿ ದಾಟಿ ಒಬ್ಬರೇ ಹೋದದ್ದು ಅದೇ ಮೊದಲು. ಬೋರ್ಡು ಓದಲು ಬಾರದು. ಮಂಚಿಕೇರಿಯಲ್ಲಿ ಬಸ್ಸು ನಿಂತಾಗ ಇದೇ ಯಲ್ಲಾಪುರವೇನೋ ಎಂದು ಇಳಿದುಬಿಟ್ಟಿದ್ದರು, ಕಂಡಕ್ಟರು ಕೂಗಿ ಹತ್ತಿಸಿಕೊಂಡ. ಬಸವಣ್ಣೆಪ್ಪ ಯಲ್ಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿಯ ಪೆಟ್ಟಿಗೆ ಅಂಗಡಿ ಇಟ್ಟಿದ್ದಾನೆಂದಷ್ಟೇ ಅವರಿಗೆ ಗೊತ್ತು. ನಾಲ್ಕು ಜನರನ್ನು ಕೇಳಿದ ಮೇಲೆ ಸಿಕ್ಕಿತು. ಒಳಗೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಿಡ್ಡನೆಯ ಮನುಷ್ಯನೊಬ್ಬ ಕೂತಿದ್ದ. ಪಕ್ಕದಲ್ಲಿ ಊರುಗೋಲು. ಕಿವಿ ಮಂದ, ಎರಡೆರಡು ಸಲ ಕೂಗಿ ಹೇಳಬೇಕಾಯಿತು.

"ಅಣ್ಣ ಕರದಾನೇನು?" ಎಂದ ಬಸವಣ್ಣೆಪ್ಪ.

"ಇಲ್ಲಪ್ಪ. ನಾ ಕರಿಯಾಕ ಬಂದೀನಿ."

ಅವರು ಎಲ್ಲವನ್ನೂ ಹೇಳಿದರು. ಆತ ತಲೆ ಎತ್ತದೆ ಕೇಳಿದ. "ಎಷ್ಟ ಸಲ ಮುರದೈತಿ?"

"ಕಾಲು ಒಮ್ಮೆ, ಕೈ ಒಮ್ಮೆ. ಪಕ್ಕೆಲುಬು ಎರಡು, ಯಾವಾಗ ಮುರದಾವೋ ಗೊತ್ತಿಲ್ಲ."

"ನಂದು ಹದಿನೇಳ ಸಲ" ಎಂದ. "ಹದಿನಾರು ತುಂಬಿದ ಮ್ಯಾಲ ನಿಂತುಬಿಡ್ತು. ಅದನ್ನ ಯಾರರ ಆ ಕೂಸಿನ ತಾಯಿಗೆ ಹೇಳ್ಯಾರೇನು?"

ಯಾರು ಹೇಳಬೇಕಿತ್ತು? ಅವನನ್ನು ಬಿಟ್ಟರೆ ಹೇಳುವವರು ಇರಲಿಲ್ಲ. ಬಸವಣ್ಣೆಪ್ಪ ಕೈಯಲ್ಲಿದ್ದ ಗಡಿಯಾರವನ್ನು ಡಬ್ಬಿಯಲ್ಲಿಟ್ಟು ಅಂಗಡಿಯ ಬಾಗಿಲು ಹಾಕಿದ. ಶಿರಸಿಯಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಡಾಕ್ಟರು ಹೇಳಿದ್ದ ಮೂರನೇ ದಿನ ಬೆಳಿಗ್ಗೆ ಇಬ್ಬರೂ ದವಾಖಾನೆಗೆ ಹೋದರು.

ಪರಮೇಶ್ವರಪ್ಪ, ಮುರಿಗೆವ್ವ, ಕೂಸನ್ನು ದಿಂಬಿನ ಮೇಲಿಟ್ಟುಕೊಂಡ ಸುಮಂಗಲಾ ಆಗಲೇ ಬೆಂಚಿನ ಮೇಲೆ ಕೂತಿದ್ದರು. ಊರುಗೋಲಿನ ಸದ್ದಿಗೆ ಪರಮೇಶ್ವರಪ್ಪ ತಲೆ ಎತ್ತಿ ತಮ್ಮನನ್ನು ನೋಡಿದರು, ಆಮೇಲೆ ಗಿರಿಜವ್ವನನ್ನು. ಹೊಡೆಯಲು ಬಂದವರಂತೆ ಎದ್ದರು. "ನಮ್ಮನಿ ಹಾಳ ಮಾಡಾಕ ನಿಂತೀಯೇನು ನೀ?" ಎಂಬ ಕೂಗಿಗೆ ಡಾಕ್ಟರು ಒಳಗಿನಿಂದ ಬಂದರು. ಬಸವಣ್ಣೆಪ್ಪ ಅಣ್ಣನ ಕಡೆ ನೋಡಲೇ ಇಲ್ಲ. ನೇರ ಡಾಕ್ಟರ ಮುಂದೆ ನಿಂತು, ಕನ್ನಡಕ ತೆಗೆದು, "ನನ್ನ ಕಣ್ಣು ನೋಡ್ರಿ ಸಾಹೇಬ್ರ. ಆಮ್ಯಾಲ ಕೂಸಿನ ಕಣ್ಣು ನೋಡ್ರಿ" ಎಂದ.

ಡಾ. ವೆಂಕಟ್ರಮಣ ಆ ಗಳಿಗೆಯನ್ನು ನನಗೆ ವಿವರಿಸುವಾಗ ಎದ್ದು ಕಿಟಕಿಯ ಹತ್ತಿರ ಹೋಗುತ್ತಾರೆ. "ಅವನ ಕಣ್ಣು, ತಾಯಿಯ ಕಣ್ಣು, ಮಗುವಿನ ಕಣ್ಣು. ಮೂರೂ ಒಂದೇ ಬಣ್ಣ. ಕಾಲೇಜಿನಲ್ಲಿ ಅರ್ಧ ಪುಟ ಓದಿದ್ದೆ, ಒಂದೂ ಕೇಸು ನೋಡಿರಲಿಲ್ಲ. ಮಗುವನ್ನು ನಾಲ್ಕು ಸಲ ಮುಟ್ಟಿದ್ದೇನೆ, ಕಣ್ಣು ನೋಡಿರಲಿಲ್ಲ. ಮುರಿದ ಜಾಗ ಮಾತ್ರ ನೋಡಿದ್ದೆ." ಅಂದೇ ತಲೆಯ ಎಕ್ಸ್‌ರೇ ತೆಗೆಸಿದರು. ತಲೆಬುರುಡೆಯ ಹಿಂಭಾಗ ಒಂದೇ ಎಲುಬಾಗಿರದೆ ಸಣ್ಣ ಸಣ್ಣ ಚೂರುಗಳನ್ನು ಜೋಡಿಸಿದಂತಿತ್ತು. ಹುಬ್ಬಳ್ಳಿಯ ದೊಡ್ಡ ಡಾಕ್ಟರು ಫಿಲ್ಮುಗಳನ್ನು ನೋಡಿ ಖಚಿತಪಡಿಸಿದರು: ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ವಂಶದಲ್ಲಿ ಇಳಿದು ಬರುವ, ಎಲುಬು ಸುಲಭವಾಗಿ ಮುರಿಯುವ ಅಪರೂಪದ ರೋಗ. ಹದಿನೈದು ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬಂದರೆ ಬಂತು. ಅಜ್ಜ ಪರಮೇಶ್ವರಪ್ಪನವರಲ್ಲಿಯೂ ಅದು ಸೌಮ್ಯವಾಗಿತ್ತು. ಅವರ ಕಣ್ಣನ್ನು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ, ಅವರೇ ಸಹ. ಪಕ್ಕೆಲುಬು ಬಹುಶಃ ಹೆರಿಗೆಯಲ್ಲೇ ಮುರಿದಿದ್ದವು.

"ಹಂಗಾದರ ಕಾಲು?" ಎಂದು ಗಿರಿಜವ್ವ ಡಾಕ್ಟರನ್ನು ಕೇಳಿದ್ದರು.

"ಅದು ಯಾರ ಕೈಯಲ್ಲಾದರೂ ಮುರಿಯುತ್ತಿತ್ತು ಅಮ್ಮ. ನಿಮ್ಮ ಕೈಯಲ್ಲಿ ಇಪ್ಪತ್ತನಾಲ್ಕು ದಿನ ಮುರಿಯದೆ ಉಳಿದದ್ದೇ ಆಶ್ಚರ್ಯ. ನಾನು ಅಂದಿದ್ದು ತಪ್ಪಾಯಿತು."

ಗಿರಿಜವ್ವ ಅಲ್ಲೇ ಗೋಡೆಗೆ ಒರಗಿ ಕೂತರು. ಸಮಾಧಾನವೇನೂ ಆಗಲಿಲ್ಲ ಎನ್ನುತ್ತಾರೆ. ಇನ್ನು ಈ ಕೂಸನ್ನು ಎತ್ತುವುದು ಹೇಗೆ, ಎರೆಯುವುದು ಹೇಗೆ ಎಂಬ ಚಿಂತೆ ಆ ಗೋಡೆಯ ಬುಡದಲ್ಲೇ ಹತ್ತಿಕೊಂಡಿತು.

ಡಾಕ್ಟರು ಕೆಲವು ಮಾತು ಹೇಳಿದರು: ಕಂಕುಳಿಗೆ ಕೈ ಹಾಕಿ ಎತ್ತಬಾರದು, ಬಟ್ಟೆ ಬದಲಿಸುವಾಗ ಕಾಲು ಹಿಡಿದು ಮೇಲೆತ್ತಬಾರದು, ತಿಕ್ಕುವುದಂತೂ ಬೇಡವೇ ಬೇಡ. ಉಳಿದದ್ದನ್ನು ಗಿರಿಜವ್ವ ತಾವೇ ಕಂಡುಕೊಂಡರು. ಅಗಲವಾದ ಹೊಸ ಮೊರ ತಂದು, ಹಳೆ ಹತ್ತಿ ಸೀರೆಯನ್ನು ಎಂಟು ಮಡಿಕೆ ಮಾಡಿ ಹಾಸಿದರು. ಕೂಸನ್ನು ಮೊರದ ಸಮೇತ ಎತ್ತುವುದು, ಮೊರದ ಸಮೇತ ಇಳಿಸುವುದು. ನೀರು ಸುರಿಯುವುದಿಲ್ಲ, ಅದ್ದಿದ ಬಟ್ಟೆಯಿಂದ ಒತ್ತುವುದು. ಅಂಗಿಗಳ ಹೊಲಿಗೆ ಬಿಚ್ಚಿ, ಕೈ ತೂರಿಸುವ ಕೆಲಸವೇ ಇಲ್ಲದಂತೆ ಪಕ್ಕಕ್ಕೆ ಲಾಡಿ ಕಟ್ಟಿಸಿದರು. ಹತ್ತು ನಿಮಿಷದ ಸ್ನಾನಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಮೊದಲ ದಿನ ಬಾಗಿಲಲ್ಲಿ ನಿಂತ ಮುರಿಗೆವ್ವ ಕಣ್ಣು ಮುಚ್ಚಿಕೊಂಡಿದ್ದರಂತೆ. ಗಿರಿಜವ್ವನಿಗೆ ಆ ಸೌಕರ್ಯವಿರಲಿಲ್ಲ. ಪವನ್‌ಗೆ ಒಂದೂವರೆ ವರ್ಷವಾಗುವ ತನಕ ಹೀಗೇ ಎರೆದರು. ಆ ಅವಧಿಯಲ್ಲಿ ಇನ್ನೂ ಮೂರು ಸಲ ಎಲುಬು ಮುರಿಯಿತು, ಒಮ್ಮೆ ಸೀನಿದ್ದಕ್ಕೆ. ಎರೆಯುವಾಗ ಒಮ್ಮೆಯೂ ಅಲ್ಲ.

ಸಿದ್ದಾಪುರದ ಬೀಗರು ಕೂಸನ್ನು ಎತ್ತಿಕೊಂಡು ಹೋಗಲಿಲ್ಲ. ಸುದ್ದಿ ತಿಳಿದ ಮೇಲೆ ನಾಲ್ಕು ತಿಂಗಳು ಈ ಕಡೆ ತಲೆಯನ್ನೂ ಹಾಕಲಿಲ್ಲ. ಗಂಡ ಬಿಟ್ಟೇಬಿಟ್ಟನೆಂದು ಎಲ್ಲರೂ ತಿಳಿದಿದ್ದಾಗ ಆತ ಒಂದು ದಿನ ಬಸ್ಸಿನ ಟಾಪಿನ ಮೇಲೆ ಫೋಮ್ ಹಾಸಿಗೆ ಹೇರಿಕೊಂಡು ಬಂದಿಳಿದ. ಬೈಕು ಮಾರಿದ್ದ. ಹಾವೇರಿಯ ಸಂಬಂಧ ಮುರಿಯಿತು. ಸುಮಂಗಲಾಳ ತಂಗಿಗೆ ಎರಡು ವರ್ಷದ ಮೇಲೆ ಬೇರೆ ಕಡೆ, ಎಲ್ಲವನ್ನೂ ಹೇಳಿಯೇ, ಮದುವೆಯಾಯಿತು. ಆಕೆ ಗಿರಿಜವ್ವನ ಜೊತೆ ಇವತ್ತಿಗೂ ಮಾತಾಡುವುದಿಲ್ಲ. "ಆಕಿ ಸಿಟ್ಟು ಆಕಿದು. ಇರಲಿ" ಎಂದು ಗಿರಿಜವ್ವ ಮಾತು ಮುಗಿಸುತ್ತಾರೆ. ಬಸವಣ್ಣೆಪ್ಪ ಆ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಿದ.

ಡಾ. ವೆಂಕಟ್ರಮಣ ಈಗ ಶಿರಸಿಗೆ ಬರುವ ಹೊಸ ನರ್ಸುಗಳ ಮುಂದೆ ವರ್ಷಕ್ಕೊಮ್ಮೆ ಗಿರಿಜವ್ವನನ್ನು ಕೂರಿಸುತ್ತಾರೆ. ಎಳೆಗೂಸನ್ನು ಹಿಡಿಯುವುದು, ಮುಟ್ಟಿ ನೋಡುವುದು ಹೇಗೆಂದು ಅವರು ತೋರಿಸುತ್ತಾರೆ. ಎಂಟು ವರ್ಷದಲ್ಲಿ ಅವರು ಅನುಮಾನಪಟ್ಟು ಕಳಿಸಿದ ಕೂಸುಗಳು ನಾಲ್ಕು. ಮೂರಕ್ಕೆ ಏನೂ ಇರಲಿಲ್ಲ. ಎಷ್ಟೋ ಎಳೆಗೂಸುಗಳ ಕಣ್ಣು ಮೊದಮೊದಲು ಹಾಗೇ ಇರುತ್ತದೆ ಎಂದು ಡಾಕ್ಟರು ತಿಳಿಹೇಳಿದರು. ಆ ಮೂರು ಮನೆಯವರು ಇವರನ್ನು ಬೈದರು. ನಾಲ್ಕನೆಯದಕ್ಕೆ, ಸಿದ್ದಾಪುರದ ಹತ್ತಿರದ ಒಂದು ಹೆಣ್ಣು ಕೂಸಿಗೆ, ಇದೇ ರೋಗವಿತ್ತು. ಒಂದೂ ಎಲುಬು ಮುರಿಯುವ ಮೊದಲೇ ಗೊತ್ತಾಯಿತು. ಇದರಿಂದ ಅವರ ಧೈರ್ಯ ಹೆಚ್ಚಿದೆ ಎಂದೇನೂ ಇಲ್ಲ. ಪ್ರತಿ ಹೊಸ ಕೂಸಿನ ಹಿಂದಿನ ದಿನ ಊಟ ಸೇರುವುದಿಲ್ಲವೆಂದು ಸೊಸೆ ಹೇಳುತ್ತಾಳೆ.

ಪವನ್‌ಗೆ ಈಗ ಎಂಟು. ಮೂರು ವರ್ಷದಿಂದ ಹುಬ್ಬಳ್ಳಿಯಲ್ಲಿ ಎಲುಬು ಗಟ್ಟಿಯಾಗುವ ಔಷಧಿಯನ್ನು ಆಗಾಗ ಡ್ರಿಪ್ಪಿನಲ್ಲಿ ಕೊಡುತ್ತಿದ್ದಾರೆ. ಅದಾದ ಮೇಲೆ ಮುರಿದದ್ದು ಎರಡೇ ಸಲ. ಸಿದ್ದಾಪುರದ ಶಾಲೆಯಲ್ಲಿ ಮೂರನೇ ಇಯತ್ತೆ. ಕೋಲು ಹಿಡಿದು, ಗೋಡೆ ಹಿಡಿದು ನಡೆಯುತ್ತಾನೆ. ರಜೆಗೆ ಅಜ್ಜಿಯ ಊರಿಗೆ ಬಂದಾಗ ಗಿರಿಜವ್ವನ ಜಗಲಿಗೆ ಬಂದು ಕೂರುತ್ತಾನೆ. ಅವನು ಮೆಟ್ಟಿಲು ಹತ್ತಿ ಮುಗಿಸುವವರೆಗೆ ಗಿರಿಜವ್ವ ಮಾತು ನಿಲ್ಲಿಸಿರುತ್ತಾರೆ.

ಹೊರಡುವ ಮೊದಲು ಕೇಳಿದೆ, ಇನ್ನು ಏನು ಆಸೆ? ಅವರು ತಡಮಾಡದೆ ಹೇಳುತ್ತಾರೆ.

"ಬ್ಯಾರೆ ಹುಡುಗ್ರು ಓಡಿ ಬಂದು ಡಿಕ್ಕಿ ಹೊಡೀತಾವಲ್ರಿ ಮೈಮ್ಯಾಲ, ಹಂಗ ಅಂವ ಒಮ್ಮೆ ಓಡಿ ಬಂದು ನನಗ ಡಿಕ್ಕಿ ಹೊಡೀಬೇಕು. ನಾ ಬಿದ್ದರೂ ಅಡ್ಡಿಯಿಲ್ಲ. ನನ್ನ ಎಲುಬು ಗಟ್ಟಿ ಅದಾವ."